ಬೆಳಿಗ್ಗೆ 90, ಸಂಜೆ 9: ಮನೆಯ ವೈಫೈ ಸ್ಪೀಡ್ ಏರಿಳಿತದ ಮೂಲ ಹುಡುಕುವುದು ಹೇಗೆ

ನೆಟ್ ಪೂರ್ತಿ ಬಂದ್ ಆದರೆ ಅಷ್ಟು ತಲೆಬಿಸಿ ಇಲ್ಲ. ಫೋನ್ ಮಾಡುತ್ತೇವೆ, ಯಾರೋ ಬರುತ್ತಾರೆ, ಸರಿ ಮಾಡಿ ಹೋಗುತ್ತಾರೆ. ನಿಜವಾದ ಕಾಟ ಬಂದೂ ಬಾರದ ಹಾಗೆ ಇರುವ ನೆಟ್‌ನದ್ದು. ಬೆಳಿಗ್ಗೆ ಏಳಕ್ಕೆ 90 ಎಂಬಿಪಿಎಸ್, ಸಂಜೆ ಮೀಟಿಂಗ್ ಹೊತ್ತಿಗೆ 9. ಜಗುಲಿಯಲ್ಲಿ ಓಡುತ್ತದೆ, ಅಡುಗೆಮನೆಗೆ ಹೋದರೆ ಚಕ್ರ ತಿರುಗುತ್ತಾ ಕೂರುತ್ತದೆ. ರಿಪೇರಿಯವರು ಬಂದಾಗ ಎಲ್ಲ ಸರಿ ಇರುತ್ತದೆ, ಅವರ ಬೈಕ್ ಗೇಟು ದಾಟಿದ ಕೂಡಲೇ ಮತ್ತೆ ಅದೇ ಕತೆ.

ಇದಕ್ಕೆ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಊರೊಳಗಿನ ಫ್ಲಾಟ್‌ಗಳಿಗೆ ಹೇಳಿದವು. ಚಾನೆಲ್ (ವೈಫೈ ತರಂಗ ಓಡುವ ಲೇನ್) ಬದಲಿಸಿ, ಪಕ್ಕದ ಮನೆಯ ವೈಫೈ ಅಡ್ಡ ಬರುತ್ತದೆ ಅನ್ನುತ್ತಾರೆ. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಪಕ್ಕದ ಮನೆ ತೋಟದಾಚೆ ಇರುತ್ತದೆ, ಅಲ್ವಾ? ನಮ್ಮಲ್ಲಿ ಅಡ್ಡ ಬರುವುದು ಬೇರೆ. ಚಿರೆಕಲ್ಲಿನ ಗೋಡೆ, ತಗಡಿನ ಮಾಡು, ಕೇಬಲ್ ಮೇಲೆ ಜೋತಾಡುವ ಮಂಗ, ಹತ್ತು ಸಲ ಹೋಗಿ ಬರುವ ಕರೆಂಟ್, ಕರಾವಳಿಯಲ್ಲಾದರೆ ಉಪ್ಪು ಗಾಳಿ. ಇವುಗಳಲ್ಲಿ ಒಂದೊಂದೂ ತೊಂದರೆ ಕೊಡುವ ಹೊತ್ತು ಬೇರೆ ಬೇರೆ. ಹಾಗಾಗಿ ಸ್ಪೀಡ್ ಎಷ್ಟು ಅನ್ನುವುದಕ್ಕಿಂತ ಯಾವಾಗ ಬೀಳುತ್ತದೆ ಅನ್ನುವುದನ್ನು ಮೊದಲು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೊದಲು ಒಂದು ಚೀಟಿ

ಒಂದು ವಾರ ಸೆಟ್ಟಿಂಗ್ ಏನನ್ನೂ ಮುಟ್ಟಬೇಡಿ. ಸುಮ್ನೆ ಬರೆದುಕೊಳ್ಳಿ. ನಿಧಾನ ಆದಾಗ ಗಂಟೆ ಎಷ್ಟು, ಯಾವ ಕೋಣೆ, ಹೊರಗೆ ಮಳೆ ಇತ್ತೇ, ಕರೆಂಟ್ ಈಗಷ್ಟೇ ಬಂದಿತ್ತೇ, ಮನೆಯಲ್ಲಿ ಯಾರು ಏನು ನೋಡುತ್ತಿದ್ದರು. ಇಷ್ಟು ಸಾಕು. ಕ್ಯಾಲೆಂಡರಿನ ಹಿಂದೆ ಬರೆದರೂ ನಡೆಯುತ್ತದೆ.

ದಿನಾ ರಾತ್ರಿ 8ರಿಂದ 11ರವರೆಗೆ ಮಾತ್ರ ನಿಧಾನವಾದರೆ ಕಂಪನಿಯ ಕಡೆ ದಟ್ಟಣೆ ಇದೆ ಎಂದು ಅನುಮಾನಿಸಿ. ತಿಂಗಳ ಕೊನೆಯ ವಾರ ಪೂರ್ತಿ 2 ಅಥವಾ 4 ಎಂಬಿಪಿಎಸ್ ಮೇಲೆ ಏಳುವುದೇ ಇಲ್ಲ ಅಂದರೆ ಪ್ಲಾನಿನ ಡೇಟಾ ಮುಗಿದಿದೆ. ಅನ್‌ಲಿಮಿಟೆಡ್ ಅಂದ ಪ್ಲಾನಿಗೂ ಒಂದು ಮಿತಿ ಇರುತ್ತದೆ, ಅದು ದಾಟಿದ ಮೇಲೆ ಸ್ಪೀಡ್ ಇಳಿಸುತ್ತಾರೆ. ಇದನ್ನು ಆ್ಯಪ್‌ನಲ್ಲಿ ಒಮ್ಮೆ ನೋಡಿಬಿಡಿ, ಇಲ್ಲದಿದ್ದರೆ ರೂಟರ್ ಬಿಚ್ಚಿ ಜೋಡಿಸಿದ್ದೆಲ್ಲ ದಂಡ. ಮಳೆ ಹೊಡೆದಾಗ ಮಾತ್ರ ತೊಂದರೆ ಇದ್ದರೆ ಹೊರಗಿನ ಲೈನು ನೋಡಬೇಕು. ಒಂದು ಕೋಣೆಯಲ್ಲಿ ಮಾತ್ರ ಅಂದರೆ ಗೋಡೆ. ಕರೆಂಟ್ ಹೋಗಿ ಬಂದ ಮೇಲೆ ಅಂದರೆ ಅಡಾಪ್ಟರ್. ಮಗಳ ಫೋನಿನ ಫೋಟೋಗಳೆಲ್ಲ ಬ್ಯಾಕಪ್ ಆಗುವ ಹೊತ್ತಿಗೆ ಅಂದರೆ ಅಪ್‌ಲೋಡ್. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಕೇಬಲ್ ಹಾಕಿ ನೋಡಿ

ಮನೆಯೊಳಗಿನ ತೊಂದರೆಯೋ ಹೊರಗಿನದ್ದೋ ಅಂತ ಬೇರ್ಪಡಿಸಲು ಒಂದೇ ಸರಿಯಾದ ದಾರಿ. ಒಂದು ಲ್ಯಾನ್ ಕೇಬಲ್ ತಂದು ಲ್ಯಾಪ್‌ಟಾಪನ್ನು ಫೈಬರ್ ಬಾಕ್ಸಿಗೆ (ಹೊರಗಿನ ಫೈಬರ್ ಬಂದು ಸೇರುವ ಪೆಟ್ಟಿಗೆ, ಎಷ್ಟೋ ಮನೆಯಲ್ಲಿ ರೂಟರ್ ಕೂಡ ಅದೇ) ನೇರ ಸಿಕ್ಕಿಸಿ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಸ್ಪೀಡ್ ಟೆಸ್ಟ್ ಓಡಿಸಿ. ಆಮೇಲೆ ಕೇಬಲ್ ಬಿಚ್ಚಿ, ಅದೇ ಜಾಗದಲ್ಲಿ ಕೂತು ವೈಫೈನಲ್ಲಿ ಓಡಿಸಿ. ಕೊನೆಗೆ ತೊಂದರೆ ಇರುವ ಕೋಣೆಗೆ ಹೋಗಿ ಮತ್ತೊಮ್ಮೆ.

ಕೇಬಲ್‌ನಲ್ಲೇ ಕಡಿಮೆ ಬಂದರೆ ವೈಫೈಯದ್ದು ತಪ್ಪಿಲ್ಲ. ಕೇಬಲ್‌ನಲ್ಲಿ ಪೂರ್ತಿ, ಪಕ್ಕದಲ್ಲಿ ಕೂತು ವೈಫೈನಲ್ಲಿ ಕಡಿಮೆ ಅಂದರೆ ರೂಟರ್ ಅಥವಾ ನಿಮ್ಮ ಲ್ಯಾಪ್‌ಟಾಪ್. ಕೋಣೆಗೆ ಹೋದ ಮೇಲೆ ಮಾತ್ರ ಬಿದ್ದರೆ ದೂರ ಮತ್ತು ಗೋಡೆ. ಇದನ್ನೇ ಬೆಳಿಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಮಾಡಿ. ಪ್ರತಿ ಸಲ ಒಂದೇ ಸರ್ವರ್ ಆರಿಸಿ. ಕಾರವಾರದಲ್ಲಿ ಕೂತವರಿಗೆ ಆ್ಯಪ್ ಒಮ್ಮೆ ಗೋವಾದ ಸರ್ವರ್ ಹಿಡಿಯಬಹುದು, ಒಮ್ಮೆ ಬೆಂಗಳೂರಿನದು. ಹಾಗೆ ಬದಲಾದರೆ ಎರಡನ್ನು ಹೋಲಿಸಿ ಪ್ರಯೋಜನ ಇಲ್ಲ.

ಇಲ್ಲಿ ಎರಡು ಗೊಂದಲ ಜಾಸ್ತಿ. ಒಂದು, 100 ಎಂಬಿಪಿಎಸ್ ಪ್ಲಾನಿನಲ್ಲಿ ಫೈಲ್ ಇಳಿಸುವಾಗ ಸೆಕೆಂಡಿಗೆ 11 ಅಥವಾ 12 ಎಂಬಿ ಅಂತ ಕಂಡರೆ ಅದು ಸರಿಯಾಗೇ ಇದೆ. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಮೆಗಾಬಿಟ್, ಎಂಬಿ ಅಂದರೆ ಮೆಗಾಬೈಟ್, ಒಂದು ಬೈಟಿಗೆ 8 ಬಿಟ್. ಇನ್ನೊಂದು, ಹಳೆಯ ಫೋನು. ವೈಫೈಗೆ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬ್ಯಾಂಡ್ ಇವೆ. 2.4 ಮಾತ್ರ ಹಿಡಿಯುವ, ಒಂದೇ ಆ್ಯಂಟೆನಾದ ಫೋನು ಸಾಮಾನ್ಯವಾಗಿ ರೂಟರ್ ಜೊತೆ ಹೆಚ್ಚೆಂದರೆ 72 ಎಂಬಿಪಿಎಸ್‌ನಲ್ಲಿ ಮಾತಾಡುತ್ತದೆ, ಅದರಲ್ಲಿ ಕೈಗೆ ಸಿಗುವುದು 40, 50. ನೀವು 300ರ ಪ್ಲಾನ್ ಹಾಕಿಸಿದರೂ ಆ ಫೋನು ಅಷ್ಟೇ. ಅದಕ್ಕೆ ಯಾರನ್ನೂ ಬೈದು ಉಪಯೋಗ ಇಲ್ಲ.

ಸ್ಪೀಡ್ ಟೆಸ್ಟ್ ಸರಾಸರಿ ಹೇಳುತ್ತದೆ, ನಡುನಡುವೆ ತುಂಡಾಗುವುದನ್ನು ಹೇಳುವುದಿಲ್ಲ. ಅದಕ್ಕೆ ಪಿಂಗ್ ಬೇಕು. ಅಂದರೆ ಒಂದು ಪುಟ್ಟ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ನೋಡುವುದು. ಲ್ಯಾಪ್‌ಟಾಪ್ ವೈಫೈನಲ್ಲೇ ಇರಲಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ) ಎರಡು ತೆರೆಯಿರಿ. ಒಂದರಲ್ಲಿ ರೂಟರಿನ ವಿಳಾಸಕ್ಕೆ ಪಿಂಗ್ ಬಿಡಿ, ಹೆಚ್ಚಾಗಿ ಅದು 192.168.1.1 ಇರುತ್ತದೆ, ಕೆಲವು ಬಾಕ್ಸ್‌ಗಳಲ್ಲಿ ಬೇರೆ, ಬಾಕ್ಸಿನ ಅಡಿಯ ಚೀಟಿಯಲ್ಲಿ ಬರೆದಿರುತ್ತದೆ. ಇನ್ನೊಂದರಲ್ಲಿ 8.8.8.8ಕ್ಕೆ ಬಿಡಿ, ಅದು ಹೊರಗಿನ ಗೂಗಲ್ ಸರ್ವರಿನ ವಿಳಾಸ. ping ಅಂತ ಬರೆದು, ಜಾಗ ಬಿಟ್ಟು ವಿಳಾಸ, ಮತ್ತೆ ಜಾಗ ಬಿಟ್ಟು ಕೊನೆಯಲ್ಲಿ -t ಹಾಕಿ ಎಂಟರ್ ಒತ್ತಿದರೆ ನಿಲ್ಲಿಸುವವರೆಗೂ ಓಡುತ್ತಾ ಇರುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿ. ಫೋನಿನಲ್ಲೂ ಪಿಂಗ್ ಮಾಡುವ ಉಚಿತ ಆ್ಯಪ್‌ಗಳಿವೆ.

ರೂಟರಿನ ಪಿಂಗ್ ಕೆಲವು ಮಿಲಿಸೆಕೆಂಡಿನಲ್ಲಿ ಬರಬೇಕು. ಅದೇ 200, 400 ಅಂತ ಜಿಗಿಯುತ್ತಿದ್ದರೆ, ಅಥವಾ ಟೈಮ್‌ಔಟ್ ಅಂತ ಸಾಲು ಬಿದ್ದರೆ ತೊಂದರೆ ನಿಮ್ಮ ಮನೆಯ ಗಾಳಿಯಲ್ಲೇ ಇದೆ. ರೂಟರಿನದು ಸಪಾಟಾಗಿದ್ದು 8.8.8.8 ಮಾತ್ರ ಜಿಗಿದರೆ ತೊಂದರೆ ರೂಟರಿನಿಂದ ಆಚೆ. ಇಷ್ಟು ಗೊತ್ತಾದರೆ ಕಸ್ಟಮರ್ ಕೇರಿನವರು 'ಒಮ್ಮೆ ರೀಸ್ಟಾರ್ಟ್ ಮಾಡಿ ಸರ್' ಅಂದಾಗ ನಿಮ್ಮ ಹತ್ತಿರ ಹೇಳಲಿಕ್ಕೆ ಮಾತಿರುತ್ತದೆ.

ಗೋಡೆ, ಮಾಡು, ಕಪಾಟು

ಚಿರೆಕಲ್ಲಿನ ಗೋಡೆ ದಪ್ಪ. ಹಳೆಯ ಮನೆಗಳಲ್ಲಿ ಒಂದು ಅಡಿಗಿಂತ ಹೆಚ್ಚೂ ಇರುತ್ತದೆ. ಮೇಲಾಗಿ ಅದು ತೂತು ತೂತಿನ ಕಲ್ಲು, ನೀರು ಕುಡಿಯುತ್ತದೆ. ವೈಫೈ ತರಂಗವನ್ನು ನೀರು ಹೀರಿಕೊಳ್ಳುತ್ತದೆ. ಗಿಲಾವು ಮಾಡದ ಗೋಡೆ ಜುಲೈ ತಿಂಗಳಲ್ಲಿ ಒದ್ದೆಯಾಗಿ ನಿಂತಿರುವಾಗ, ಏಪ್ರಿಲ್‌ನಲ್ಲಿ ಚೆನ್ನಾಗಿ ಸಿಗುತ್ತಿದ್ದ ಹಿಂದಿನ ಕೋಣೆಯಲ್ಲಿ ಸಿಗ್ನಲ್ ಒಂದು ಕಡ್ಡಿಗೆ ಇಳಿದರೆ ಆಶ್ಚರ್ಯ ಪಡಬೇಕಾಗಿಲ್ಲ.

ಕಡ್ಡಿ ನೋಡಿ ಅಂದಾಜು ಮಾಡಬೇಡಿ. ಆಂಡ್ರಾಯ್ಡ್ ಫೋನಿಗೆ ವೈಫೈ ಅನಲೈಸರ್ ಥರದ ಆ್ಯಪ್ ಹಾಕಿಕೊಂಡರೆ ಸಿಗ್ನಲ್ ಬಲವನ್ನು ಡಿಬಿಎಂ ಅನ್ನುವ ಅಳತೆಯಲ್ಲಿ ಸಂಖ್ಯೆಯಾಗಿ ತೋರಿಸುತ್ತದೆ. ಮೈನಸ್ ಸಂಖ್ಯೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 50 ಅಂದರೆ ಭೇಷ್. ಮೈನಸ್ 67ರವರೆಗೆ ವಿಡಿಯೋ ಕಾಲ್ ನಡೆಯುತ್ತದೆ. 75 ದಾಟಿದರೆ ಒದ್ದಾಟ, 80 ದಾಟಿದರೆ ಆಸೆ ಬಿಡಿ. ಫೋನ್ ಹಿಡಿದು ಜಗುಲಿಯಿಂದ ಬಚ್ಚಲುಮನೆವರೆಗೆ ಒಂದು ಸುತ್ತು ಹಾಕಿ. ಯಾವ ಬಾಗಿಲು ದಾಟಿದ ಕೂಡಲೇ ಸಂಖ್ಯೆ 15, 20 ಇಳಿಯುತ್ತದೆ ನೋಡಿ. ಆ ಗೋಡೆಯೇ ನಿಮ್ಮ ಶತ್ರು.

ಈಗ ರೂಟರ್ ಎಲ್ಲಿದೆ ಅಂತ ನೋಡಿ. ಫೈಬರ್ ಎಳೆಯಲು ಬಂದವರು ತಮಗೆ ಅನುಕೂಲವಾದ ಜಾಗದಲ್ಲಿ ಮೊಳೆ ಹೊಡೆದಿರುತ್ತಾರೆ. ಅದು ಸಾಮಾನ್ಯವಾಗಿ ಮುಂದಿನ ಕಿಟಕಿಯ ಪಕ್ಕ. ಅಂದರೆ ಅರ್ಧ ಸಿಗ್ನಲ್ ಅಂಗಳಕ್ಕೆ, ತೋಟದ ಅಡಿಕೆ ಮರಗಳಿಗೆ ಹೋಗುತ್ತಿರುತ್ತದೆ. ಇನ್ನು ಕೆಲವರು ಚೆಂದ ಕಾಣಲಿ ಅಂತ ಟಿವಿಯ ಹಿಂದೆ, ಸ್ಟೀಲ್ ಕಪಾಟಿನ ಮೇಲೆ, ಶೋಕೇಸಿನ ಒಳಗೆ ಇಡುತ್ತಾರೆ. ಲೋಹ ಮತ್ತು ಕನ್ನಡಿ ಎರಡೂ ತರಂಗವನ್ನು ವಾಪಸ್ ಹೊಡೆಯುತ್ತವೆ. ಮನೆಯ ನಡುವಿನ ಜಾಗಕ್ಕೆ, ತಲೆ ಎತ್ತರಕ್ಕಿಂತ ಸ್ವಲ್ಪ ಮೇಲೆ ತನ್ನಿ. ನಡುಮನೆಯ ಬಾಗಿಲಿಗೆ ನೇರ ಕಾಣುವ ಹಾಗೆ ಇಟ್ಟರೆ ತರಂಗ ಗೋಡೆ ಕೊರೆಯುವ ಬದಲು ತೆರೆದ ಬಾಗಿಲಿನಲ್ಲಿ ಹೋಗುತ್ತದೆ. ಮಾಳಿಗೆಗೆ ಹಲಗೆಯ ಮುಚ್ಚಿಗೆ ಇದ್ದರೆ ಪುಣ್ಯ, ಮರ ಅಷ್ಟು ತಡೆಯುವುದಿಲ್ಲ. ಕಾಂಕ್ರೀಟ್ ಸ್ಲ್ಯಾಬ್ ಆದರೆ ಮೇಲಿನ ಮನೆಗೆ ಬೇರೆ ವ್ಯವಸ್ಥೆ ಬೇಕು. ತಗಡಿನ ಶೀಟು ಹಾಕಿ ಮಾಡಿದ ಕೋಣೆಗೆ ಹೊರಗಿನಿಂದ ವೈಫೈ ನುಗ್ಗಿಸುವ ಯೋಚನೆಯೇ ಬೇಡ.

ಫೈಬರ್ ಬಾಕ್ಸನ್ನು ಕಿಟಕಿಯಿಂದ ಸರಿಸಲು ಆಗದಿದ್ದರೆ ಅದು ಅಲ್ಲೇ ಇರಲಿ. ಅದರಿಂದ ಒಂದು ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲ್ ನಡುಮನೆಗೆ ಎಳೆದು ಅಲ್ಲಿ ಒಂದು ರೂಟರ್ ಇಡಿ. ನನ್ನನ್ನು ಕೇಳಿದರೆ ಹಣ ಹಾಕುವುದಾದರೆ ಮೊದಲು ಇದಕ್ಕೆ ಹಾಕಿ.

2.4, 5 ಮತ್ತು ಚಾನೆಲ್

5 ಗಿಗಾಹರ್ಟ್ಸ್‌ಗೆ ಓಟ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. 2.4 ಅದರ ಉಲ್ಟಾ. ಎರಡಕ್ಕೂ ಒಂದೇ ಹೆಸರಿಟ್ಟರೆ ಯಾವುದನ್ನು ಹಿಡಿಯಬೇಕು ಅಂತ ಫೋನೇ ನಿರ್ಧರಿಸುತ್ತದೆ, ಮತ್ತೆ ಎಷ್ಟೋ ಸಲ ತಪ್ಪಾಗಿ ನಿರ್ಧರಿಸುತ್ತದೆ. ಅಡುಗೆಮನೆಯಲ್ಲಿ 2.4 ಹಿಡಿದ ಫೋನು ರೂಟರ್ ಪಕ್ಕ ಬಂದು ಕೂತರೂ ಅದನ್ನೇ ಹಿಡಿದುಕೊಂಡಿರುತ್ತದೆ. ನೀವು ಅದನ್ನೇ ಸ್ಪೀಡ್ ಏರಿಳಿತ ಅಂದುಕೊಳ್ಳುತ್ತೀರಿ. ರೂಟರಿನ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿದರೆ ಅದರ ಸೆಟ್ಟಿಂಗ್ ಪುಟ ತೆರೆಯುತ್ತದೆ. ಪರೀಕ್ಷೆ ಮಾಡುವಷ್ಟು ದಿನವಾದರೂ ಅಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿಡಿ. ಟಿವಿ, ಲ್ಯಾಪ್‌ಟಾಪ್ 5ಕ್ಕೆ, ಸಿಸಿಟಿವಿ ಕ್ಯಾಮೆರಾ ಮತ್ತು ದೂರದ ಕೋಣೆಯ ಫೋನ್ 2.4ಕ್ಕೆ.

ಚಾನೆಲ್ ವಿಷಯದಲ್ಲಿ ಹಳ್ಳಿ ಮತ್ತು ಪೇಟೆಗೆ ಬೇರೆ ಮದ್ದು. ಕಾರವಾರದ ಫ್ಲಾಟಿನಲ್ಲೋ ಶಿರಸಿ ಪೇಟೆಯಲ್ಲೋ ಇದ್ದರೆ ಆ್ಯಪ್ ತೆರೆದಾಗ ಹದಿನೈದು ಇಪ್ಪತ್ತು ವೈಫೈ ಕಾಣಬಹುದು. ಆಗ 2.4ರಲ್ಲಿ 1, 6, 11 ಈ ಮೂರರಲ್ಲಿ ಖಾಲಿ ಇದ್ದದ್ದನ್ನು ಹಿಡಿಯಿರಿ, ಚಾನೆಲ್ಲಿನ ಅಗಲ (ಚಾನೆಲ್ ವಿಡ್ತ್) 20 ಮೆಗಾಹರ್ಟ್ಸ್‌ಗೆ ಇಡಿ. 3, 4, 8 ಅಂತ ನಡುವಿನದನ್ನು ಹಿಡಿದರೆ ಎರಡೂ ಕಡೆಯವರ ಗಲಾಟೆ ನಿಮಗೆ. ಸುತ್ತ ಯಾರೂ ಇಲ್ಲದ ತೋಟದ ಮನೆ ಆದರೆ ಚಾನೆಲ್ ಯಾವುದಿದ್ದರೂ ಒಂದೇ, ಅಗಲ 40 ಮಾಡಿಕೊಳ್ಳಿ, ಸ್ಪೀಡ್ ಏರುತ್ತದೆ.

5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳು ರಾಡಾರ್ ಜೊತೆ ಹಂಚಿಕೊಂಡಂಥವು. ರಾಡಾರ್ ಸದ್ದು ಕೇಳಿದರೆ ರೂಟರ್ ಆ ಚಾನೆಲ್ ಬಿಟ್ಟು ಓಡಬೇಕು ಅಂತ ನಿಯಮ. ಓಡುವಾಗ ಸಂಪರ್ಕ ಸ್ವಲ್ಪ ಹೊತ್ತು ಕಡಿಯುತ್ತದೆ. ಸಮುದ್ರಕ್ಕೆ ಮುಖ ಮಾಡಿದ ಮನೆಯಲ್ಲಿ 5 ಗಿಗಾಹರ್ಟ್ಸ್ ಹೆಸರು ಆಗಾಗ ಮಾಯವಾಗಿ ಮತ್ತೆ ಬರುತ್ತಿದ್ದರೆ, ಆಟೋ ತೆಗೆದು 36 ಅಥವಾ 149ಕ್ಕೆ ಕಟ್ಟಿಹಾಕಿ ನೋಡಿ.

ಇನ್ನೊಂದು ಸಣ್ಣ ಸಂಗತಿ. ಸೆಕ್ಯುರಿಟಿ ಜಾಗದಲ್ಲಿ ಟಿಕೆಐಪಿ (TKIP, ವೈಫೈ ಬೀಗದ ಹಳೆಯ ವಿಧಾನ) ಅಂತ ಇದ್ದರೆ ತೆಗೆದು ಡಬ್ಲ್ಯುಪಿಎ2 ಎಇಎಸ್ (WPA2-AES) ಮಾಡಿ. ಹಳೆಯ ಟಿಕೆಐಪಿಯಲ್ಲಿ ವೈಫೈ 54 ಎಂಬಿಪಿಎಸ್ ದಾಟುವುದಿಲ್ಲ. ಕರೆಂಟ್ ಏರಿಳಿತದಲ್ಲಿ ರೂಟರ್ ರೀಸೆಟ್ ಆಗಿ ಹಳೆ ಸೆಟ್ಟಿಂಗ್‌ಗೆ ಮರಳಿದ್ದರೆ ಇದನ್ನು ಯಾರೂ ಗಮನಿಸಿರುವುದಿಲ್ಲ.

ರಿಪೀಟರ್ ತರುವ ಮೊದಲು

ರಿಪೀಟರ್ ಅಂದರೆ ವೈಫೈ ಸಿಗ್ನಲ್ ಹಿಡಿದು ಮತ್ತೆ ಹರಡುವ ಪೆಟ್ಟಿಗೆ. ಸಿಗ್ನಲ್ ಇಲ್ಲದ ಕೋಣೆಯಲ್ಲಿ ಅದನ್ನು ಸಿಕ್ಕಿಸುವವರೇ ಜಾಸ್ತಿ. ಅದಕ್ಕೆ ಸಿಗುವುದೇ ಕೆಟ್ಟ ಸಿಗ್ನಲ್, ಅದನ್ನೇ ಅದು ಗಟ್ಟಿಯಾಗಿ ಕೂಗಿ ಹೇಳುತ್ತದೆ. ಫೋನಿನಲ್ಲಿ ಕಡ್ಡಿ ಪೂರ್ತಿ, ಸ್ಪೀಡ್ ಇಲ್ಲ. ರಿಪೀಟರ್ ಇಡಬೇಕಾದ್ದು ನಡುದಾರಿಯಲ್ಲಿ, ಮೈನಸ್ 60, 65 ಸಿಗುವ ಜಾಗದಲ್ಲಿ. ಅಗ್ಗದ ಒಂದೇ ಬ್ಯಾಂಡಿನದ್ದಾದರೆ ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಬಾಯಿ, ಹಾಗಾಗಿ ಸ್ಪೀಡ್ ಸುಮಾರು ಅರ್ಧ ಆಗುತ್ತದೆ. ಎರಡು ಮೂರು ಚಿರೆಕಲ್ಲಿನ ಗೋಡೆ ದಾಟಬೇಕಾದ ಮನೆಗೆ ಮೆಶ್ (ಒಂದೇ ಹೆಸರಿನ ವೈಫೈ ಕೊಡುವ ಎರಡು ಮೂರು ಪೆಟ್ಟಿಗೆಗಳ ಜೋಡಿ) ಕೂಡ ಗಾಳಿಯಲ್ಲೇ ಹಾಯುವುದಾದರೆ ಸೋಲುತ್ತದೆ. ಮೆಶ್ ಪೆಟ್ಟಿಗೆಗಳನ್ನು ಲ್ಯಾನ್ ಕೇಬಲ್‌ನಿಂದ ಸೇರಿಸಿ.

ಕೊಟ್ಟಿಗೆ ಪಕ್ಕದ ಹೊಸ ಕೋಣೆಗೋ, ಅಂಗಳದಾಚೆಯ ಔಟ್‌ಹೌಸಿಗೋ ನೆಟ್ ಬೇಕಾದರೆ ಮಾತ್ರ ತಾಮ್ರದ ಲ್ಯಾನ್ ಕೇಬಲನ್ನು ಹೊರಗೆ ಎಳೆಯಬೇಡಿ. 100 ಮೀಟರ್‌ವರೆಗೆ ಓಡುತ್ತದೆ ಅನ್ನುವುದು ನಿಜ. ಆದರೆ ಮೊದಲ ಮಳೆಯ ಸಿಡಿಲಿಗೆ ಎರಡೂ ಕಡೆಯ ಪೆಟ್ಟಿಗೆಗಳು ಒಟ್ಟಿಗೆ ಹೋಗುತ್ತವೆ. ಅಲ್ಲಿಗೆ ಫೈಬರನ್ನೇ ಎಳೆಸಿ, ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್‌ಗೆ ಸೇರಿಸುವ ಪುಟ್ಟ ಪೆಟ್ಟಿಗೆ) ಹಾಕಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಕೇಬಲ್ ತೆಗೆದುಕೊಳ್ಳುವಾಗ ಉಕ್ಕಿನ ತಂತಿ ಇಲ್ಲದ್ದನ್ನು ಕೇಳಿ.

ಕರೆಂಟ್, ಸಿಡಿಲು, ಉಪ್ಪು

ರೂಟರ್ ಅಡಾಪ್ಟರಿನ ಮೇಲೆ 12 ವೋಲ್ಟ್, 1 ಆಂಪಿಯರ್ ಅಂತಲೋ 1.5 ಅಂತಲೋ ಬರೆದಿರುತ್ತದೆ. ಹಳೆಯದಾದ ಮೇಲೆ ಅದು ಅಷ್ಟು ಕೊಡುವುದಿಲ್ಲ. ದೀಪಗಳೆಲ್ಲ ಹೊತ್ತಿಕೊಂಡೇ ಇರುತ್ತವೆ, ಆದರೆ ನಾಲ್ಕು ಜನ ಒಟ್ಟಿಗೆ ವಿಡಿಯೋ ಹಾಕಿದ ಕೂಡಲೇ ಬಾಕ್ಸ್ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುತ್ತದೆ. ಬಾಕ್ಸಿನ ಸ್ಟೇಟಸ್ ಪುಟದಲ್ಲಿ ಅಪ್‌ಟೈಮ್ ಅಂತ ಇರುತ್ತದೆ, ಅಂದರೆ ಬಾಕ್ಸ್ ಆನ್ ಆಗಿ ಎಷ್ಟು ಹೊತ್ತಾಯಿತು ಅಂತ. ನಿನ್ನೆಯಿಂದ ಕರೆಂಟ್ ಹೋಗಿಲ್ಲ, ಅಪ್‌ಟೈಮ್ ಮಾತ್ರ 40 ನಿಮಿಷ ತೋರಿಸುತ್ತಿದೆ ಅಂದರೆ ಮೊದಲು ಅಡಾಪ್ಟರ್ ಬದಲಿಸಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಜಾಸ್ತಿ ಇದ್ದರೆ ಅಡ್ಡಿಯಿಲ್ಲ, ಕಡಿಮೆ ಇರಬಾರದು. ಮನೆಯ ಇನ್ವರ್ಟರ್ ಬದಲಾಗುವ ಆ ಒಂದು ಕ್ಷಣಕ್ಕೂ ಕೆಲವು ರೂಟರ್ ಸಾಯುತ್ತವೆ. ಅದಕ್ಕೆ 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ ಸಿಗುತ್ತದೆ, ಕಿಸೆಗೆ ಹಿಡಿಯುವಷ್ಟು ದೊಡ್ಡದು. ಫೈಬರ್ ಬಾಕ್ಸ್ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು.

ಏಪ್ರಿಲ್, ಮೇ ತಿಂಗಳ ಸಂಜೆ ಘಟ್ಟದ ಮೇಲೆ ಗುಡುಗು ಶುರುವಾದರೆ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಫೈಬರ್ ಅಲ್ವಾ, ಏನಾಗುತ್ತದೆ ಅನ್ನುವವರಿಗೆ ಒಂದು ಮಾತು. ಎಳೆ ಗಾಜಿನದ್ದು ಹೌದು, ಆದರೆ ಅದನ್ನು ಹೊತ್ತು ತರುವ ಕಪ್ಪು ಕೇಬಲ್ಲಿನಲ್ಲಿ ಸಾಮಾನ್ಯವಾಗಿ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಕೊಕ್ಕೆಗೆ ಕಟ್ಟಿ ಬಿಡಿಸಿ, ಗಾಜಿನ ಎಳೆ ಮಾತ್ರ ಒಳಗೆ ಬರುವ ಹಾಗೆ ಮಾಡಿಸಿ.

ಇನ್ನು ಕರಾವಳಿಯವರಿಗೆ. ಕಾರವಾರದ ಕೋಡಿಬಾಗದಂಥ ಕಡಲ ಹತ್ತಿರದ ಜಾಗದಲ್ಲಿ ಎರಡು ವರ್ಷ ಸಿಕ್ಕಿಸಿಟ್ಟ ಲ್ಯಾನ್ ಕೇಬಲ್ ತುದಿಯನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ. ಎಂಟು ಪುಟ್ಟ ಪಿನ್‌ಗಳು ಬಂಗಾರದ ಬಣ್ಣಕ್ಕೆ ಹೊಳೆಯಬೇಕು. ಒಂದೆರಡರ ಬುಡದಲ್ಲಿ ಹಸಿರು ಪುಡಿ ಕೂತಿರುತ್ತದೆ. ಗಿಗಾಬಿಟ್ ಓಡಲು ಎಂಟೂ ತಂತಿ ಬೇಕು. ಕೈಕೊಟ್ಟದ್ದು ಗಿಗಾಬಿಟ್‌ಗೆ ಮಾತ್ರ ಬೇಕಾದ ತಂತಿ ಆದರೆ ಎರಡೂ ಬದಿ ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. 200ರ ಪ್ಲಾನಿನಲ್ಲಿ ಯಾವಾಗ ನೋಡಿದರೂ ಸರಿಯಾಗಿ 94, 95ಕ್ಕೆ ನಿಂತರೆ ಇದೇ ಕಾರಣ ಇರಬೇಕು, ಇಲ್ಲವೇ ಬಾಕ್ಸಿನ ಆ ಪೋರ್ಟೇ 100ರದ್ದು. ಬೇರೆ ಪೋರ್ಟಿಗೆ ಹಾಕಿ ನೋಡಿ, ಆಮೇಲೆ ತುದಿ ಕತ್ತರಿಸಿ ಹೊಸ ಕ್ಲಿಪ್ ಒತ್ತಿಸಿ. ಹಸಿರು ಪುಡಿಯನ್ನು ಬ್ಲೇಡಿನಿಂದ ಕೆರೆದರೆ ಬಂಗಾರದ ಲೇಪವೂ ಹೋಗುತ್ತದೆ, ತಿಂಗಳಲ್ಲಿ ಮತ್ತೆ ಅದೇ ಹಾಡು.

ಮಳೆ, ಮಂಗ, ಫೈಬರ್

ಮನೆಯೊಳಗಿನ ವೈಫೈಗೆ ಮಳೆ ಹನಿಯಿಂದ ಏನೂ ಆಗುವುದಿಲ್ಲ. ಗಾಜಿನೊಳಗೆ ಹೋಗುವ ಬೆಳಕಿಗೂ ಇಲ್ಲ. ಮಳೆಗೆ ಹಾಳಾಗುವುದು ಜೋಡಣೆ. ಕಂಬದ ಮೇಲಿನ ಪೆಟ್ಟಿಗೆಯ ಮುಚ್ಚಳ ಸಡಿಲ ಇದ್ದು ನೀರು ಇಳಿದಿರುತ್ತದೆ. ಗಾಳಿಗೆ ಕೊಂಬೆ ಒರಗಿ ಕೇಬಲ್ ಬಗ್ಗಿರುತ್ತದೆ. ಮಂಗಗಳಿಗಂತೂ ಕೇಬಲ್ ಅಂದರೆ ಉಯ್ಯಾಲೆ. ಅವು ಜೋತಾಡಿದ ಮೇಲೆ ಎಳೆ ತುಂಡಾಗದಿದ್ದರೂ ಮನೆಯ ಮೂಲೆಯ ಮೊಳೆ ಹತ್ತಿರ ಚೂಪಾಗಿ ಮಡಚಿಕೊಂಡಿರುತ್ತದೆ. ಮಡಚಿದಲ್ಲಿ ಬೆಳಕು ಸೋರುತ್ತದೆ. ನೆಟ್ ಪೂರ್ತಿ ಹೋಗುವುದಿಲ್ಲ, ಬಂದು ಹೋಗಿ ಮಾಡುತ್ತದೆ.

ಇದನ್ನು ಅಳೆಯಲು ನಿಮಗೆ ಮೀಟರ್ ಬೇಕಾಗಿಲ್ಲ. ಫೈಬರ್ ಬಾಕ್ಸಿನ ಪುಟಕ್ಕೆ ಲಾಗಿನ್ ಆಗಿ ಆಪ್ಟಿಕಲ್ ಅಥವಾ ಪಾನ್ (PON) ಅಂತ ಇರುವಲ್ಲಿ ಆರ್‌ಎಕ್ಸ್ ಪವರ್ (Rx Power, ಬಾಕ್ಸಿಗೆ ತಲುಪುವ ಬೆಳಕಿನ ಬಲ) ನೋಡಿ. ಮೈನಸ್ 15ರಿಂದ ಮೈನಸ್ 25ರೊಳಗೆ ಇದ್ದರೆ ನಿರಾಳ. ಮೈನಸ್ 27ರ ಹತ್ತಿರ ಬಂದರೆ ಅಂಚಿನಲ್ಲಿದ್ದೀರಿ. ಒಣಗಿದ ದಿನ ಎಷ್ಟಿತ್ತು ಅಂತ ಬರೆದು ಬಾಕ್ಸಿಗೇ ಅಂಟಿಸಿಡಿ. ಮಳೆಯ ದಿನ ಅದಕ್ಕಿಂತ 3 ಇಳಿದಿದ್ದರೆ ಬೆಳಕು ಅರ್ಧ ಆಗಿದೆ ಅಂತ ಲೆಕ್ಕ. ಬಾಕ್ಸಿನ ಮೇಲಿನ ಎಲ್‌ಒಎಸ್ (LOS) ದೀಪ ಕೆಂಪಾದರೆ ಬೆಳಕು ಬರುತ್ತಲೇ ಇಲ್ಲ. ಪಾನ್ ದೀಪ ಮಿನುಗುತ್ತಾ ಇದ್ದರೆ ಆಚೆಯ ಯಂತ್ರದ ಜೊತೆ ಕೈ ಕುಲುಕಲು ಆಗುತ್ತಿಲ್ಲ.

ನೀವು ಮಾಡಬಹುದಾದ್ದು ಸ್ವಲ್ಪವೇ. ಬಾಕ್ಸಿನ ಹಿಂದೆ ತೆಳು ವೈರನ್ನು ಬಿಗಿಯಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರೆ ಬಿಚ್ಚಿ, ಅಂಗೈ ಅಗಲದ ಸುತ್ತಾಗಿ ಬಿಡಿ. ತುದಿಯ ಬಣ್ಣ ನೋಡಿ. ಹಸಿರು ತುದಿಯನ್ನು ನೀಲಿ ಗೂಡಿಗೆ ಸಿಕ್ಕಿಸಿದ್ದರೆ ಅದೇ ತಪ್ಪು, ಹಸಿರಿನ ಮುಖ ಓರೆಯಾಗಿ ಕತ್ತರಿಸಿರುತ್ತದೆ, ನೀಲಿಯದು ನೇರ, ಎರಡೂ ಕೂಡುವುದಿಲ್ಲ. ಬಿಚ್ಚಿದ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಕಣ್ಣಿಗಂತೂ ಹಿಡಿಯಲೇಬೇಡಿ. ಅದರಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣದ ಬೆಳಕು. ಉಳಿದದ್ದು ಲೈನಿನವರ ಕೆಲಸ.

ಗುಡ್ಡದ ಮೇಲಿನ ಡಿಶ್‌ನಿಂದ ಕಣಿವೆ ದಾಟಿಸಿ ವೈರ್‌ಲೆಸ್‌ನಲ್ಲೇ ನೆಟ್ ಪಡೆದವರಿಗೆ ಮಾತ್ರ ಕತೆ ಬೇರೆ. ಅಲ್ಲಿ ಎರಡು ಡಿಶ್ ನಡುವೆ ಬೆಳೆದ ಮರವೇ ಸಮಸ್ಯೆ, ಒದ್ದೆ ಎಲೆ ಒಣ ಎಲೆಗಿಂತ ಜಾಸ್ತಿ ತಡೆಯುತ್ತದೆ. ಹಾಕಿಸಿದಾಗ ಚೆನ್ನಾಗಿತ್ತು, ಈಗ ಮಳೆಗಾಲದಲ್ಲಿ ಇಲ್ಲ ಅಂದರೆ ಕೊಂಬೆ ಕಡಿಸಿ ಅಥವಾ ಕಂಬ ಎತ್ತರಿಸಿ.

ಅಪ್‌ಲೋಡ್ ತುಂಬಿಕೊಂಡರೆ

ಡೌನ್‌ಲೋಡ್ ಟೆಸ್ಟಿನಲ್ಲಿ ಎಲ್ಲ ಚೆನ್ನಾಗಿದೆ, ಮೀಟಿಂಗ್ ಮಾತ್ರ ಮುಗ್ಗರಿಸುತ್ತದೆ. ಹೀಗಿದ್ದರೆ ಮನೆಯಲ್ಲಿ ಯಾವುದೋ ಒಂದು ಮೇಲಕ್ಕೆ ಕಳಿಸುತ್ತಾ ಕೂತಿದೆ. ಫೋನ್ ಚಾರ್ಜಿಗೆ ಹಾಕಿದ ಕೂಡಲೇ ಫೋಟೋ ಬ್ಯಾಕಪ್ ಶುರು ಮಾಡುತ್ತದೆ. ಗೇಟಿನ ಕ್ಯಾಮೆರಾ ಹಗಲೂ ರಾತ್ರಿ ಕ್ಲೌಡಿಗೆ ಕಳಿಸುತ್ತದೆ. ಅಪ್‌ಲೋಡ್ ದಾರಿ ತುಂಬಿದರೆ ನಿಮ್ಮ ದನಿಯ ಪುಟ್ಟ ಪುಟ್ಟ ಪ್ಯಾಕೆಟ್‌ಗಳು ದೇವಿಮನೆ ಘಟ್ಟದ ತಿರುವಿನಲ್ಲಿ ಲೋಡ್ ಲಾರಿಯ ಹಿಂದೆ ಸಿಕ್ಕಿಕೊಂಡ ಬೈಕಿನ ಹಾಗೆ ಕಾಯುತ್ತವೆ. ಸ್ಪೀಡ್ ಇದೆ, ಮುಂದೆ ಹೋಗಲು ಜಾಗ ಇಲ್ಲ.

ಪರೀಕ್ಷೆ ಸುಲಭ. 8.8.8.8ಕ್ಕೆ ಪಿಂಗ್ ಓಡುತ್ತಿರುವಾಗ ಒಂದು ದೊಡ್ಡ ವಿಡಿಯೋ ಅಪ್‌ಲೋಡ್ ಮಾಡಿ. 30 ಇದ್ದದ್ದು 500ಕ್ಕೆ ಹಾರಿದರೆ ಇದೇ. ಬ್ಯಾಕಪ್ಪನ್ನು ರಾತ್ರಿಗೆ ತಳ್ಳಿ. ಕ್ಯಾಮೆರಾಕ್ಕೆ ಮೆಮೊರಿ ಕಾರ್ಡ್ ಹಾಕಿ ಕ್ಲೌಡ್ ನಿಲ್ಲಿಸಿ. ರೂಟರಿನಲ್ಲಿ ಕ್ಯೂಒಎಸ್ (QoS, ಸ್ಪೀಡ್ ಹಂಚುವ ಸೆಟ್ಟಿಂಗ್) ಇದ್ದರೆ ಅಪ್‌ಲೋಡ್ ಮಿತಿಯನ್ನು ನಿಮಗೆ ನಿಜವಾಗಿ ಸಿಗುವುದರ ಶೇಕಡಾ 85, 90ಕ್ಕೆ ಕಟ್ಟಿ.

ಸಿಮ್ ಹಾಕುವ ರೂಟರ್ ಇದ್ದರೆ

ಫೈಬರ್ ಬರದ ಕಡೆ 4ಜಿ, 5ಜಿ ರೂಟರ್ ಇಟ್ಟುಕೊಂಡವರು ಟವರ್ ಕಡೆಯ ಕಿಟಕಿಯಲ್ಲಿ ಇಡಿ, ಮನೆಯ ನಡುವೆ ಅಲ್ಲ. ಆರ್‌ಎಸ್‌ಆರ್‌ಪಿ (RSRP, ಟವರಿನ ಸಿಗ್ನಲ್ ಬಲ ಹೇಳುವ ಸಂಖ್ಯೆ) ಮೈನಸ್ 90ರ ಸುತ್ತ ಇದ್ದರೆ ಚೆನ್ನ, ಮೈನಸ್ 110 ದಾಟಿದರೆ ಹೊರಗೆ ಆ್ಯಂಟೆನಾ ಬೇಕು. ಇಲ್ಲಿ ಸ್ಪೀಡ್ ಟವರಿನ ಜನರ ಜೊತೆ ಏರಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆ ನಡೆಯುವಾಗ, ಡಿಸೆಂಬರ್ ಕೊನೆಯಲ್ಲಿ ಗೋಕರ್ಣ, ಮುರ್ಡೇಶ್ವರ ತುಂಬಿದಾಗ ಅದು ಬಿದ್ದರೆ ರೂಟರ್ ಬಿಚ್ಚಿ ನೋಡುವ ಕೆಲಸ ಬೇಡ.

ಕಂಪ್ಲೇಂಟ್ ಕೊಡುವಾಗ

ಕೇಬಲ್ ಹಾಕಿ ಅಳೆದರೂ ಕಡಿಮೆ ಬರುತ್ತಿದೆ ಅಂತ ಖಾತ್ರಿಯಾದ ಮೇಲೆ ಫೋನ್ ಮಾಡಿ. 'ನೆಟ್ ಸ್ಲೋ' ಅನ್ನಬೇಡಿ. 'ಕೇಬಲ್‌ನಲ್ಲಿ ಬೆಳಿಗ್ಗೆ ಇಷ್ಟು, ರಾತ್ರಿ ಇಷ್ಟು, ಒಣ ದಿನ ಆರ್‌ಎಕ್ಸ್ ಪವರ್ ಮೈನಸ್ 21, ನಿನ್ನೆ ಮಳೆಗೆ ಮೈನಸ್ 27' ಅನ್ನಿ. ದೂರಿಗೆ ಅವರು ಕೊಡುವ ಡಾಕೆಟ್ ನಂಬರ್ ಬರೆದುಕೊಳ್ಳಿ. ಸರಿಯಾಗದಿದ್ದರೆ ಅದೇ ಕಂಪನಿಯ ಅಪೀಲು ಅಧಿಕಾರಿಗೆ ದೂರು ಕೊಡುವ ವ್ಯವಸ್ಥೆಯನ್ನು ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಲ್ಲೇ ಇಟ್ಟಿದ್ದಾರೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಡಾಕೆಟ್ ನಂಬರ್ ಇಲ್ಲದೆ ಅಲ್ಲಿ ಮಾತು ಮುಂದುವರಿಯುವುದಿಲ್ಲ.

ಲೈನಿನವರು ಬಂದಾಗ ಚಹಾ ಕೊಡಿ, ಜೊತೆಗೆ ಪವರ್ ಮೀಟರಿನ ಸಂಖ್ಯೆ ತೋರಿಸಲು ಹೇಳಿ. ಕಂಬದ ಹತ್ತಿರ ಎಷ್ಟು, ಮನೆಯೊಳಗೆ ಎಷ್ಟು. ಎರಡರ ನಡುವೆ ತುಂಬ ವ್ಯತ್ಯಾಸ ಇದ್ದರೆ ನಿಮ್ಮ ಕೇಬಲ್ ಬದಲಾಗಬೇಕು. ಕಂಬದಲ್ಲೇ ಕಡಿಮೆ ಇದ್ದರೆ ಅವರದ್ದು. ತುಂಡಾದ ಜಾಗಕ್ಕೆ ಕೈಯಲ್ಲಿ ಒತ್ತುವ ಕ್ಲಿಪ್ ಹಾಕುವ ಬದಲು ಯಂತ್ರದಲ್ಲಿ ಬೆಸೆಯಲು ಆಗುತ್ತದೆಯೇ ಕೇಳಿ, ಒತ್ತಿದ ಕ್ಲಿಪ್ ನಮ್ಮ ಹವೆಗೆ ಬೇಗ ಸಡಿಲಾಗುತ್ತದೆ. ಮತ್ತೆ ಉಳಿದ ಕೇಬಲನ್ನು ಕತ್ತರಿಸಿ ಒಯ್ಯಲು ಬಿಡಬೇಡಿ. ಹತ್ತು ಹದಿನೈದು ಅಡಿ ಸುತ್ತಿ ಮಾಡಿನ ಕೆಳಗೆ ಮಂಗಕ್ಕೆ ಎಟುಕದ ಹಾಗೆ ಕಟ್ಟಿಸಿ, ಮುಂದಿನ ಸಲ ತುಂಡಾದಾಗ ಜೋಡಿಸಲು ಅದೇ ಬೇಕಾಗುತ್ತದೆ.